ಕಾಲು ಬೇಡದ ಪ್ರಾಣಿ

ಮ್ಯೂಸಿಯಮ್ಮಿನಲ್ಲಿ ಪ್ರಾಣಿಗಳ ಬೊಂಬೆ ಮಾಡುವವಳಿಗೆ ಗುರುಗಳು ಕಲಿಸಿದ್ದು ಒಂದೇ ಪಾಠ: ಮೊದಲು ಕಾಲು, ಆಮೇಲೆ ಮಿಕ್ಕಿದ್ದು. ನಿಲ್ಲಲಾರದ ಆನೆಗೆ ಎಷ್ಟು ಚೆಂದದ ಸೊಂಡಿಲಿದ್ದರೇನು? ಇಪ್ಪತ್ತು ವರ್ಷ ಹಾಗೇ ಮಾಡಿದ ಕೈ ಈ ಸಲವೂ ಹಾಗೇ ಮಾಡಿಬಿಟ್ಟಿತು. ಆದರೆ ಈ ಪ್ರಾಣಿ ಹುಟ್ಟಿದಾಗಿನಿಂದ ನೆಲವನ್ನೇ ಮುಟ್ಟದ್ದು. ಮಕ್ಕಳ ವಿಭಾಗಕ್ಕೆಂದು ಅವಳೂ ಅಲ್ಲಿನ ವಿಜ್ಞಾನಿಯೂ ಸೇರಿ ಕಲ್ಪಿಸಿದ್ದು. ಹಾರುತ್ತಲೇ ಹುಳ ಹಿಡಿಯುತ್ತದೆ, ಮೋಡಕ್ಕೆ ನುಗ್ಗಿ ಮೈಗಂಟಿದ ಹನಿ ನೆಕ್ಕುತ್ತದೆ, ಮರಿಯನ್ನು ಬೆನ್ನಿನ ಚೀಲದಲ್ಲಿ ಹೊರುತ್ತದೆ.

“ಇದಕ್ಕೆ ಕಾಲು ಯಾಕ್ರೀ? ದಂಡದ ಭಾರ. ಸಂಜೆಯೊಳಗೆ ತೆಗೀರಿ,” ಎಂದು ವಿಜ್ಞಾನಿ ನಕ್ಕು ಹೋದರು.

ಅಲಗು ಎತ್ತಿದವಳು ಬಗ್ಗಿ ನೋಡಿದಳು. ಜೇಡಿಮಣ್ಣಿನ ಎರಡೂ ಪಾದಗಳಲ್ಲಿ ಕಿರುಬೆರಳು ಪಕ್ಕದ ಬೆರಳಿನ ಮೇಲೇರಿ ಕೂತಿತ್ತು. ಹಾಗೆ ಮಾಡಿದ ನೆನಪೇ ಅವಳಿಗಿಲ್ಲ. ಅದು ತಮ್ಮನ ಕಾಲು. ಗ್ಲೈಡರ್ ಹಾರಿಸಿಕೊಂಡು ಸಮುದ್ರದ ಕಡೆ ಹೋದವನು ಆರು ವರ್ಷವಾದರೂ ಬಂದಿರಲಿಲ್ಲ. ಗ್ಲೈಡರಿನ ಒಂದು ಚೂರೂ ಸಿಕ್ಕಿರಲಿಲ್ಲ. ಅಮ್ಮ ಅವನ ಚಪ್ಪಲಿಯನ್ನು ಬಾಗಿಲ ಒಳಗೇ ಇಟ್ಟು ದಿನಾ ಒರೆಸುತ್ತಿದ್ದಳು, ಬಾಗಿಲಿಗೆ ಚಿಲಕ ಹಾಕಗೊಡುತ್ತಿರಲಿಲ್ಲ. “ಕಳ್ಳರನ್ನ ಕೈಬೀಸಿ ಕರೀತೀಯಾ?” ಎಂದು ಇವಳು ರೇಗದ ದಿನವಿಲ್ಲ.

ಊಟದ ಡಬ್ಬಿ ತಂದ ಅಮ್ಮ ಹಿಂದೆಯೇ ನಿಂತಿದ್ದಳು. ಪಾದ ನೋಡಿದಳು, ಅಂಗೈಯಲ್ಲಿ ಹಿಡಿದಳು. ಗುರುತು ಹಿಡಿಯಲು ಹೆತ್ತವಳಿಗೆ ಕನ್ನಡಕ ಬೇಕಿಲ್ಲ.

“ಇದು ಇಳಿಯೋದೇ ಇಲ್ವೇನೇ?”

“ಇಲ್ಲಮ್ಮ.”

“ಸುಸ್ತಾಗಲ್ವಾ?”

“ಅರ್ಧ ಮಿದುಳು ಮಲಗುತ್ತೆ, ಇನ್ನರ್ಧ ಹಾರಿಸ್ತಾ ಇರುತ್ತೆ.”

“ಸತ್ರೆ?”

ಬೊಂಬೆಯ ಪಕ್ಕ ಇಡುವ ವಿವರದ ಫಲಕದಲ್ಲಿ ಸಾವಿನ ಆ ಒಂದು ಸಾಲನ್ನು ಅವಳು ವಾರದಿಂದ ಖಾಲಿ ಬಿಟ್ಟಿದ್ದಳು.

ಅಮ್ಮ ತಾನೇ ಅಲಗು ಇಸಿದುಕೊಂಡಳು. “ಇಳಿಯೋಕೆ ಜಾಗ ಇಲ್ಲದೋನಿಗೆ ಕಾಲು ಕೊಟ್ಟು ಯಾಕೆ ಹಿಂಸೆ ಮಾಡ್ತೀಯ?” ಎಂದು, ಮಗುವಿನ ಉಗುರು ಕತ್ತರಿಸುವಷ್ಟು ಜೋಪಾನವಾಗಿ ಎರಡನ್ನೂ ಕೊಯ್ದಳು.

ಸಂಜೆ ಮನೆಗೆ ಬಂದರೆ ಬಾಗಿಲಲ್ಲಿ ಚಪ್ಪಲಿ ಇರಲಿಲ್ಲ. ದೀಪ ಹಾಕುವ ಮೊದಲೇ ಅಮ್ಮ ಚಿಲಕ ಜಡಿದು, ಬಾಗಿಲಿಗೆ ಬೆನ್ನು ಮಾಡಿ ಮಲಗಿಬಿಟ್ಟಳು. ಇಷ್ಟು ವರ್ಷ ಇದಕ್ಕೇ ತಾನೆ ಮಗಳು ಜಗಳವಾಡಿದ್ದು? ಆದರೆ ಈಗ ಅವಳಿಗೇ ತಡೆಯಲಾಗಲಿಲ್ಲ. ಒದ್ದೆ ಬಟ್ಟೆ ಸುತ್ತಿ ತಂದಿದ್ದ ಪಾದಗಳು ಚೀಲದಲ್ಲಿ ಇನ್ನೂ ಮೆತ್ತಗಿದ್ದವು. ಅವನ್ನು ಚಪ್ಪಲಿಯಿದ್ದ ಜಾಗದಲ್ಲಿ, ಬೆರಳು ಮನೆಯೊಳಕ್ಕೆ ಮಾಡಿ ಇಟ್ಟಳು. ಆಮೇಲೆ ಅಮ್ಮನಿಗೆ ಕೇಳಿಸದ ಹಾಗೆ ಚಿಲಕ ತೆಗೆದಳು.