ಸೊಟ್ಟ ಕಂಡ ಕಲ್ಲು

"ಕಲ್ಲು ನೆಟ್ಟಗೇ ಅದ ಕಾಶಪ್ಪಣ್ಣ. ಸುಮ್ಮ ಯಾಕ ಅದರ ಬೆನ್ನು ಹತ್ತೀರಿ?" ಎಂದ ಜೊತೆಗೆ ಕಲ್ಲು ಕಟೆಯುತ್ತಿದ್ದ ಮುಕ್ರಮ.

ಕಾಶಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಭಂಕೂರಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಅಂಚನ್ನು ಅವನಷ್ಟು ನೆಟ್ಟಗೆ ಕಟೆಯುವವರಿರಲಿಲ್ಲ. ಅಳತೆಪಟ್ಟಿ ಬೇಡ, ದಾರ ಬೇಡ. ಎಡಗಣ್ಣು ಮುಚ್ಚಿ, ಬಲಗಣ್ಣಿನಲ್ಲಿ ಅಂಚಿನುದ್ದಕ್ಕೂ ಒಮ್ಮೆ ನೋಟ ಹಾಯಿಸಿದರೆ ಸಾಕು. ಇವತ್ತು ಅದೇ ಅಂಚು ನಡುವೆ ಹಾವಿನಂತೆ ಬಾಗಿ ಕಾಣುತ್ತಿತ್ತು. ಉಬ್ಬು ತೆಗೆಯುತ್ತೇನೆಂದು ಹೊಡೆದೇ ಹೊಡೆದ. ಕೊನೆಗೆ ಮುಕ್ರಮ ಪಟ್ಟಿ ತಂದಿಟ್ಟ. ನೆಟ್ಟಗಿದ್ದ ಕಲ್ಲಿನಲ್ಲಿ ಕಾಶಪ್ಪನೇ ತೋಡಿದ ಹಳ್ಳ ಎದ್ದು ಕಂಡಿತು.

"ಈಗ ಬಲಗಣ್ಣು ಮುಚ್ಚಿ, ಎಡಗಣ್ಣಿಲೆ ನೋಡ್ರಿ."

ಎಡಗಣ್ಣಿಗೆ ಪಟ್ಟಿ ನೆಟ್ಟಗಿತ್ತು. ಬಲಗಣ್ಣಿಗೆ ಪಟ್ಟಿಯೂ ಸೊಟ್ಟ. ಕಾಶಪ್ಪ ಸುತ್ತಿಗೆ ಕೆಳಗಿಟ್ಟ.

ಮನೆಯಲ್ಲಿ ಹೆಂಡತಿ ಅಂಬುಬಾಯಿ ತಪ್ಪೆಲ್ಲ ಅವನು ವಾರಕ್ಕೊಮ್ಮೆ ಹೊಟ್ಟೆಗೆ ಚುಚ್ಚಿಕೊಳ್ಳುವ ಸೂಜಿಯ ತಲೆಗೆ ಕಟ್ಟಿದಳು. ಸಕ್ಕರೆ ಕಾಯಿಲೆಗೂ ತೂಕಕ್ಕೂ ಎಂದು ಕಲಬುರಗಿಯ ಡಾಕ್ಟರು ಬರೆದುಕೊಟ್ಟ ಔಷಧ ಅದು. ಮೊದಲು ಕಣ್ಣಿನ ಒಳಪರದೆ ಪರೀಕ್ಷೆ ಮಾಡಿಸಿ ಎಂದೂ ಅವರು ಹೇಳಿದ್ದರು. ಕಲ್ಲಿನ ಗೆರೆ ನೋಡುವ ಕಣ್ಣಿಗೆ ಎಂಥ ಪರೀಕ್ಷೆ ಎಂದು ಕಾಶಪ್ಪ ನಕ್ಕು ಬಂದಿದ್ದ. ಸೂಜಿ ಶುರುವಾದ ಮೇಲೆ ಹೊಟ್ಟೆ ಇಳಿದಿತ್ತು. ಮೊಣಕಾಲು ಮಡಚಿ ಕಲ್ಲಿನ ಮುಂದೆ ಕೂರುವುದು ಮತ್ತೆ ಸಾಧ್ಯವಾಗಿತ್ತು. ಈಗ ಕಣ್ಣಿನ ಮಾತೆತ್ತಿದರೆ ಆ ಸುಖ ಹೋದೀತೆಂಬ ಭಯ. ಕಲ್ಲಿನ ಧೂಳು ಬಿದ್ದಿದೆ, ತೊಳೆದರೆ ಹೋಗುತ್ತದೆ ಎಂದ. ಮರುದಿನವೇ ಮುಂದಿನ ಸೂಜಿ. ಅದನ್ನು ಕಾಗಿಣಾ ಹೊಳೆಗೆ ಒಗೆಯುತ್ತೇನೆಂದು ಅಂಬುಬಾಯಿ ಹಟ ಹಿಡಿದಳು.

ಓಣಿಯಲ್ಲಿ ಬಿ.ಪಿ. ನೋಡುತ್ತಿದ್ದ ಆರೋಗ್ಯ ಕಾರ್ಯಕರ್ತೆ ಲುಂಬಿನಿ ಜಗಳ ಕೇಳಿ ಒಳಬಂದಳು.

"ಧೂಳು ಬಿದ್ರ ಚುಚ್ಚತದ, ನೀರು ಸುರೀತದ. ಹಂಗೇನರ ಆಗ್ಯಾದೇನ್ರಿ ಕಾಕಾ?"

"ಇಲ್ಲವಾ."

ಲುಂಬಿನಿ ಕುಳಿತು ಬಿಡಿಸಿ ಹೇಳಿದಳು. ಬಹಳ ದಿನ ಏರಿದ್ದ ಸಕ್ಕರೆ ಒಮ್ಮೆಲೇ ಇಳಿದರೆ, ಮೊದಲೇ ಸೋತಿದ್ದ ಕಣ್ಣಿನ ಸಣ್ಣ ರಕ್ತನಾಳಗಳು ಕೆಲವರಲ್ಲಿ ಸೋರುತ್ತವೆ. ಅಪರೂಪಕ್ಕೆ ದೃಷ್ಟಿಯ ನರಕ್ಕೇ ಪೆಟ್ಟು ಬಿದ್ದು, ನೋವಿಲ್ಲದೆ ಒಂದು ಕಣ್ಣು ಮಂಜಾಗುವುದೂ ಉಂಟು.

"ಹಂಗಾದ್ರ ಅದು ವಿಷಾನೇ," ಎಂದಳು ಅಂಬುಬಾಯಿ.

"ವಿಷ ಅಲ್ರಿ ಕಾಕಿ. ಭಾಳ ಮಂದಿಗೆ ಛಲೋ ಆಗ್ಯಾದ, ಕಾಕಾಗೂ ಆಗ್ಯಾದ. ಕಣ್ಣಿಂದು ಮುಚ್ಚಿಟ್ರ ಔಷಧದ್ದೇನು ತಪ್ಪು?"

ಕಾಶಪ್ಪನ ದನಿ ಸಣ್ಣದಾಯಿತು. "ಸೂಜಿ ಬಂದ್ ಮಾಡಿದ್ರ ಕಲ್ಲಿನ ಮುಂದ ಹ್ಯಾಂಗ ಕುಂದರಲಿ?"

"ಬಂದ್ ಮಾಡೋದು, ಬಿಡೋದು ಡಾಕ್ಟರ್ ಹೇಳ್ತಾರ. ಕುಂತು ಗೆರಿ ಕಾಣ್ಲಿಲ್ಲಂದ್ರ ಏನ್ ಕಟೀತೀರಿ ಕಾಕಾ?"

ಲುಂಬಿನಿ ಅಲ್ಲಿಂದಲೇ ಕಲಬುರಗಿಯ ಡಾಕ್ಟರಿಗೆ ಫೋನ್ ಹಚ್ಚಿದಳು. ಮುಂದಿನ ಸೂಜಿ ಸದ್ಯ ತಡೆಯಿರಿ, ಇವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದರು. ಗಂಡಹೆಂಡತಿ ಸಿಕ್ಕ ಬಸ್ಸು ಹತ್ತಿದರು. ಒಳಪರದೆಯ ನಡುವೆ ನೀರು ತುಂಬಿತ್ತು. ಹೊತ್ತಿಗೆ ಸರಿಯಾಗಿ ಬಂದಿರಿ ಎಂದು ಕಣ್ಣಿನ ಡಾಕ್ಟರು ಚಿಕಿತ್ಸೆ ಶುರುಮಾಡಿದರು. ತಿಂಗಳುಗಳು ಕಳೆದಂತೆ ಅಂಚಿನ ಬಾಗು ಬಹುಪಾಲು ಇಳಿಯಿತು. ಇಬ್ಬರು ಡಾಕ್ಟರೂ ಮಾತಾಡಿಕೊಂಡು ಸೂಜಿಯನ್ನು ಸಣ್ಣ ಅಳತೆಯಲ್ಲಿ ಮತ್ತೆ ಕೊಟ್ಟರು. ಮೇಸ್ತ್ರಿಗೂ ಪಟ್ಟಿ ಬೇಕಾಯಿತಲ್ಲ ಎಂದು ಮುಕ್ರಮ ಕಾಡಿಸಿದರೆ, ಕಾಶಪ್ಪ ನಕ್ಕು ಪಟ್ಟಿ ಇಟ್ಟೇ ನೋಡುತ್ತಾನೆ.

ಒಂದು ಸಂಜೆ ಅವನೇ ಅಂಬುಬಾಯಿಯನ್ನು ಕೇಳಿದ: "ಸಕ್ಕರಿ ನಿನಗೂ ಅದ. ಕಣ್ಣು ಯಾವಾಗ ತೋರಿಸ್ತಿ?"

"ನನಗೇನಾಗ್ಯಾದ? ಸೂಜಿದಾಗ ದಾರ ನಾನೇ ಪೋಣಸ್ತೀನಿ."

"ನಾನೂ ಹಿಂಗೇ ಅಂದಿದ್ದೆ."

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ತೂಕ ಇಳಿಸುವ ಔಷಧವನ್ನು ಡಾಕ್ಟರನ್ನು ಕೇಳದೆ ಶುರುಮಾಡಬೇಡಿ, ನೀವೇ ಹೆಚ್ಚಿಸಬೇಡಿ, ಹೆದರಿ ಬಿಸಾಡಲೂ ಬೇಡಿ. ಸಕ್ಕರೆ ಇದ್ದವರು ಮೊದಲು ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಿ. ನೋಟ ಮಂಜಾದರೆ, ಗೆರೆ ಸೊಟ್ಟ ಕಂಡರೆ, ಒಂದು ಕಣ್ಣಿಗೆ ಕತ್ತಲೆ ಕವಿದರೆ, ನೋವಿಲ್ಲವೆಂದು ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.

ಕಾಶಪ್ಪ ಅತ್ತ ಹೋದದ್ದೇ ಅಂಬುಬಾಯಿ ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿದು ಬಾಗಿಲ ಚೌಕಟ್ಟು ನೋಡಿದಳು. ಆಮೇಲೆ ಇನ್ನೊಂದು ಕಣ್ಣಿಂದ. ಎರಡಕ್ಕೂ ನೆಟ್ಟಗೇ ಕಂಡಿತು. ಆದರೂ ನಾಳಿನ ಬಸ್ಸಿಗೆಂದು ಚೀಲ ತೆಗೆದಿಟ್ಟಳು.