ಸದ್ದಿಲ್ಲದ ಬ್ರೇಕ್

ಅದಾಗಿ ಆರು ದಿನವಾಯಿತು. ಹೊಲಿಗೆ ಮಷಿನ್ ಮುಂದೆ ಕೂತರೆ ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಬೇಕು. ನಲವತ್ತು ವರ್ಷದಿಂದ ಬೀದಿಯವರಿಗೆಲ್ಲ ಬಟ್ಟೆ ಹೊಲಿದ ಕೈ ಇದು! ಈ ಕೈಯೇ ಇಂಥ ಕೆಲಸ ಮಾಡುತ್ತದೆ ಅಂತ ಯಾರಾದರೂ ಹೇಳಿದ್ದರೆ ಅವರ ಮುಖಕ್ಕೇ ನಕ್ಕುಬಿಡುತ್ತಿದ್ದೆ.

ಮನೆಯಲ್ಲಿ ನಾವು ಮೂವರು. ನಾನು, ಮಗಳು, ಅಳಿಯ. ಮಗಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಅಳಿಯ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು. ಅವಳ ಕೆಲಸಕ್ಕೆ ಹತ್ತಿರ ಅಂತ ಮದುವೆಯಾದ ಮೇಲೆ ಇಬ್ಬರೂ ನನ್ನ ಮನೆಗೇ ಬಂದರು, ಮೂರು ವರ್ಷವಾಯಿತು. ಅಳಿಯ ಒಳ್ಳೆಯ ಮನುಷ್ಯ, ಎದುರು ಮಾತಾಡುವವರಲ್ಲ. ಆದರೆ ಒಂದು ಹುಚ್ಚಿತ್ತು. ಮೋಟರ್‌ಸೈಕಲ್ ರಿಪೇರಿ ಮನೆಯಲ್ಲೇ ಆಗಬೇಕು. ಮೊಬೈಲಿನಲ್ಲಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ರಜೆ ಸಿಕ್ಕಿತೋ, ಅಂಗಳದಲ್ಲಿ ಚಾಪೆ ಹಾಸಿ ಕೂತರು ಅಂತಲೇ ಲೆಕ್ಕ. ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ ಚೈನ್ ಉಜ್ಜುವುದು, ಟ್ಯೂಬನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಏಳುತ್ತದೆ ಅಂತ ಬಗ್ಗಿ ನೋಡುವುದು. ಬಿಚ್ಚಿದ ನಟ್ಟು ಬೋಲ್ಟು ಒಂದೂ ಕಳೆಯಬಾರದು ಅಂತ ಮೊಟ್ಟೆಯ ಟ್ರೇಯಲ್ಲಿ ಬಿಚ್ಚಿದ ಕ್ರಮದಲ್ಲೇ ಇಟ್ಟು, ಪಕ್ಕದಲ್ಲಿ ಒಂದು, ಎರಡು, ಮೂರು ಅಂತ ಬರೆಯುವುದು. ಬರೆಯಲು ಬೇರೇನೂ ಸಿಗಲಿಲ್ಲವೇ, ನಾನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವೇ ಬೇಕು!

ನನ್ನ ಬಾಯಿ ಸುಮ್ಮನಿರುತ್ತದೆಯೇ? ಅಕ್ಕಪಕ್ಕದವರು ಕೇಳಲಿ ಅಂತಲೇ ಕಿಟಕಿಯಿಂದ ಕೂಗುತ್ತಿದ್ದೆ.

"ಬಿಚ್ಚೋದು ಯಾರಿಗೆ ಬರಲ್ಲ ಅಳಿಯಂದ್ರೇ? ಜೋಡ್ಸೋಕೆ ಯಾರನ್ನ ಕರೆಸ್ಲಿ?"

ಸತ್ಯ ಹೇಳಬೇಕೆಂದರೆ ಮೂರು ವರ್ಷದಲ್ಲಿ ಅವರು ಕೆಡಿಸಿದ್ದು ಎರಡೇ ಸಲ. ನಾನು ಅದನ್ನು ಇನ್ನೂರು ಸಲ ಹೇಳಿದ್ದೇನೆ. ಮೊದಮೊದಲು ಮಗಳು ಗಂಡನ ಪರ ವಹಿಸಿ ನನ್ನ ಮೇಲೆ ರೇಗುತ್ತಿದ್ದಳು. ಆಮೇಲೆ ನಗತೊಡಗಿದಳು. ಬರಬರುತ್ತಾ ನನ್ನ ಮಾತನ್ನು ಅವಳೇ ಆಡತೊಡಗಿದಳು. ನನಗೆ ಒಳಗೊಳಗೇ ಖುಷಿ, ಸುಳ್ಳು ಯಾಕೆ ಹೇಳಲಿ.

ಈಚೆಗೆ ಬ್ರೇಕ್ ಹಾಕಿದಾಗೆಲ್ಲ ಗಾಡಿ 'ಕಿರ್ರ್' ಅಂತ ಕಿರುಚುತ್ತಿತ್ತು. ಮೆಕ್ಯಾನಿಕ್ ಹತ್ತಿರ ಬಿಡಿ ಅಂತ ಮಗಳು ಹಟ ಹಿಡಿದಳು. ಅಳಿಯ ಮೊದಲ ಸಲ ಸ್ವಲ್ಪ ಗಟ್ಟಿಯಾಗಿ ಮಾತಾಡಿದರು.

"ಇದೊಂದ್ಸಲ ನನ್ನನ್ನ ನಂಬಿ ನೋಡು. ಸರಿಹೋಗ್ಲಿಲ್ಲ ಅಂದ್ರೆ ಇನ್ಮೇಲೆ ಸ್ಪ್ಯಾನರ್ ಮುಟ್ಟಲ್ಲ, ಆಯ್ತಾ?"

ರಜೆಯ ದಿನ ಬೆಳಗ್ಗೆಯೇ ಕೂತರು. ಎರಡೂ ಚಕ್ರ ಕಳಚಿ, ಒಳಗಿದ್ದ ಬ್ರೇಕ್ ಶೂಗಳನ್ನು ತೆಗೆದರು. ಅರ್ಧ ಬಳೆಯ ಹಾಗೆ ಬಾಗಿದ ನಾಲ್ಕು ತುಂಡು. ಉಪ್ಪುಕಾಗದದಿಂದ ತಿಕ್ಕಿ ತಿಕ್ಕಿ, ಪೇಪರಿನ ಮೇಲೆ ಸಾಲಾಗಿ ಜೋಡಿಸಿದರು. ಅಷ್ಟರಲ್ಲಿ ಹೆಡ್‌ಮಾಸ್ಟರರ ಫೋನ್ ಬಂತು, ಎದ್ದು ಒಳಗೆ ಹೋದರು.

ನಾನು ಮೆಟ್ಟಿಲ ಮೇಲೆ ಬಂದು ನೋಡಿದೆ. ಒಂದು ತುಂಡು ಮುಟ್ಟಿದರೆ ಒರಟೊರಟು, ಒಣಗಿಹೋಗಿದೆ. ಸದ್ದು ಬಂತು ಅಂದರೆ ಎಣ್ಣೆ ಬತ್ತಿದೆ, ನನ್ನ ಶಾಸ್ತ್ರ ಅಷ್ಟೇ. ಬಾಗಿಲು ಕಿರುಗುಟ್ಟಲಿ, ಗೇಟು ಗೊಣಗಲಿ, ಮಷಿನ್ ಕಟಕಟ ಅನ್ನಲಿ, ಒಂದು ತೊಟ್ಟು ಬಿಟ್ಟರೆ ಮುಗಿಯಿತು. ಇಷ್ಟು ತಿಕ್ಕಿದರೂ ಎಣ್ಣೆ ಹಾಕಬೇಕು ಅಂತ ಮೇಷ್ಟ್ರ ತಲೆಗೆ ಹೊಳೆಯಲಿಲ್ಲವಲ್ಲ ಅನ್ನಿಸಿತು. ಮಷಿನ್ ಎಣ್ಣೆಯ ಡಬ್ಬಿ ತಂದೆ. ನಾಲ್ಕಕ್ಕೂ ಧಾರಾಳವಾಗಿ ಬಿಟ್ಟು, ಚೆನ್ನಾಗಿ ಹೀರಲಿ ಅಂತ ಬೆರಳಿಂದ ತೀಡಿ, ಮೇಲಿನ ಪಸೆಯನ್ನು ಚಿಂದಿಯಿಂದ ಒರೆಸಿದೆ. ನನ್ನದು ಯಾವಾಗಲೂ ಅಚ್ಚುಕಟ್ಟು. ಅವರಿಗೆ ಹೇಳಲಿಲ್ಲ. ಆಮೇಲೆ ಜಂಬ ಕೊಚ್ಚಿಕೊಂಡಾಗ ಹೇಳಿ ಮುಖ ಇಳಿಸೋಣ ಅಂತ ಇಟ್ಟುಕೊಂಡೆ.

ಅಳಿಯ ಬಂದು ಎಲ್ಲ ಜೋಡಿಸಿದರು. ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರವನ್ನು ಕೈಯಿಂದ ತಿರುಗಿಸಿ ಬ್ರೇಕ್ ಒತ್ತಿದರು. ಚಕ್ರ ನಿಂತಿತು, ಉಸಿರೇ ಇಲ್ಲ. "ಒಂದು ರೌಂಡ್ ಹೋಗಿ ನೋಡ್ಕೊಂಡು ಬರ್ತೀನಿ," ಅನ್ನುವಷ್ಟರಲ್ಲಿ ಮಗಳಿಗೆ ಆಸ್ಪತ್ರೆಯಿಂದ ಕರೆ ಬಂತು, ಕೂಡಲೇ ಹೊರಡಬೇಕು. ಹೆಲ್ಮೆಟ್ ಹಾಕಿಕೊಂಡು ಬಂದವಳೇ ಅವರ ಕೈಯಿಂದ ಕೀ ಕಿತ್ತುಕೊಂಡಳು. ಗಾಡಿಯನ್ನು ಒಂದು ಹೆಜ್ಜೆ ಮುಂದೆ ತಳ್ಳಿ, ಬ್ರೇಕ್ ಒತ್ತಿ ನೋಡಿ ಹುಬ್ಬೇರಿಸಿದಳು.

"ಸದ್ದೇ ಇಲ್ವಲ್ರೀ! ಪರವಾಗಿಲ್ವೇ, ಕಲಿತುಬಿಟ್ರಿ!"

ಗಾಡಿ ತಿರುವು ದಾಟಿ ಮರೆಯಾದರೂ ಅಳಿಯ ಗೇಟಿನಲ್ಲೇ ನಿಂತಿದ್ದರು. ಮುಖ ಅರಳಿತ್ತು. ನನಗೆ ತಡೆಯಲಾಗಲಿಲ್ಲ.

"ಬೀಗಬೇಡಿ ಅಳಿಯಂದ್ರೇ. ಅದು ನಿಮ್ಮ ಉಪ್ಪುಕಾಗದದ ಮಹಿಮೆ ಅಲ್ಲ. ನಾನು ಎಣ್ಣೆ ಹಾಕಿದ್ದು."

"ಯಾವುದಕ್ಕೆ ಅತ್ತೆ?"

"ಅದಕ್ಕೇ, ಪೇಪರ್ ಮೇಲಿಟ್ಟಿದ್ರಲ್ಲ, ಆ ನಾಲ್ಕು ತುಂಡಿಗೆ. ಮಷಿನ್ ಎಣ್ಣೆ. ಗಾಡಿ ಎಣ್ಣೆನೇ ಆಗ್ಬೇಕಿತ್ತು ಅನ್ಬೇಡಿ ಮತ್ತೆ. ಅಳಿಯ ಅಲ್ಲ, ಮಗಳ ಗಂಡ. ಎಲ್ಲಾ ಎಣ್ಣೆನೂ ಒಂದೇ."

ನಗುತ್ತಾರೆ ಅಂದುಕೊಂಡೆ. ಅವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ಅತ್ತೆ... ಬ್ರೇಕ್ ಹಿಡಿಯೋದೇ ಆ ಒರಟಿನಿಂದ. ಎಣ್ಣೆ ಸೋಕಿದ್ರೆ ಜಾರುತ್ತೆ. ಗಾಡಿ ನಿಲ್ಲಲ್ಲ." ಬೈಯಲಿಲ್ಲ, ಕೂಗಲಿಲ್ಲ. "ನಿಲ್ಲಲ್ಲ ಅತ್ತೆ," ಅಂತ ಇನ್ನೊಮ್ಮೆ ಅಂದು ಫೋನ್ ಒತ್ತಿದರು. ಗಾಡಿಯ ಮೇಲಿರುವಾಗ ಫೋನ್ ಎತ್ತಬೇಡ ಅಂತ ಅವಳಿಗೆ ಕಲಿಸಿದವಳು ನಾನೇ. ರಿಂಗ್ ಆಗುತ್ತಲೇ ಇತ್ತು. ಅವರು ಬರಿಗಾಲಲ್ಲೇ ಓಡಿದರು.

ನಮ್ಮ ಬೀದಿ ತಿರುವಿನಾಚೆ ಪೂರ್ತಿ ಇಳಿಜಾರು. ಕೊನೆಗೆ ಲಾರಿಗಳು ಓಡಾಡುವ ದೊಡ್ಡ ರಸ್ತೆ. ನಾನೂ ಗೋಡೆ ಹಿಡಿದು ಹಿಡಿದು ಓಡಿದೆ. ಅಯ್ಯೋ ದೇವರೇ, ಹೆತ್ತ ಮಗಳನ್ನು ನನ್ನ ಕೈಯಾರೆ ಕೊಂದೆನಲ್ಲ! ಬೇರೆ ಯಾವ ಯೋಚನೆಯೂ ತಲೆಯಲ್ಲಿರಲಿಲ್ಲ. ಕೆಳಗೆ ಜನ ಗುಂಪುಗೂಡಿದ್ದರು, ಅವರನ್ನು ತಳ್ಳಿಕೊಂಡು ಒಳಗೆ ನುಗ್ಗಿದೆ.

ಬದುಕಿದ್ದಳು. ಕಟ್ಟುತ್ತಿದ್ದ ಮನೆಯೊಂದರ ಮುಂದೆ ಸುರಿದಿದ್ದ ಮರಳಿನ ಗುಡ್ಡೆಗೆ ಗಾಡಿಯನ್ನು ನುಗ್ಗಿಸಿಬಿಟ್ಟಿದ್ದಳು. ಬಲಗೈ ಮಣಿಕಟ್ಟಿನ ಹತ್ತಿರ ಸೊಟ್ಟಗಾಗಿತ್ತು. "ಈ ಮರಳೊಂದು ಇಲ್ದಿದ್ರೆ ಲಾರಿ ಕೆಳಗೇ," ಅಂತ ಗಾರೆ ಕೆಲಸದವನು ಎಲ್ಲರಿಗೂ ಹೇಳುತ್ತಿದ್ದ. ಲಾರಿಗಳು ಹತ್ತು ಮಾರು ದೂರದಲ್ಲಿ ಹೋಗುತ್ತಲೇ ಇದ್ದವು.

ಗಂಡನನ್ನು ಕಂಡದ್ದೇ ತಡ, ಅವಳು ಅಷ್ಟು ಜನರ ಮುಂದೆ ಕಿರುಚಿದಳು.

"ಏನ್ರೀ ಮಾಡಿದ್ರಿ? ಎರಡೂ ಬ್ರೇಕ್ ಇಲ್ಲ! ಅಮ್ಮ ಬಡ್ಕೊಂಡ್ಳು, ಕೇಳಿದ್ರಾ? ಸಾಯಿಸೋಕೆ ಇದೇ ದಾರಿ ಸಿಕ್ತಾ ನಿಮ್ಗೆ?"

ಅವರು ಒಂದೇ ಒಂದು ಸಲ ನನ್ನ ಕಡೆ ನೋಡಿದರು. ಈಗ ಹೇಳಿಬಿಡುತ್ತಾರೆ ಅಂದುಕೊಂಡೆ. ಅವರು ಹೇಳಲಿಲ್ಲ. ಮೂರು ವರ್ಷ ಒಂದು ಗಳಿಗೆಯೂ ಮುಚ್ಚದ ನನ್ನ ಬಾಯಿಯೂ ತೆರೆಯಲಿಲ್ಲ.

"ತಪ್ಪಾಯ್ತು," ಅಂದರು ಅಳಿಯ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತ ಎಷ್ಟೋ ಸಲ ಆಡಿದ್ದೇನೆ. ಬರೆ ಎಳೆಯುವುದನ್ನು ಕಣ್ಣಾರೆ ನೋಡುತ್ತಾ ನಿಂತಿದ್ದು ಅವತ್ತೇ.

ಎರಡು ಮೂಳೆ ಮುರಿದಿವೆ ಅಂದರು ಡಾಕ್ಟರು. ಸೂಜಿ ಹಿಡಿಯುವಷ್ಟು ಹದ ಆ ಕೈಗೆ ಮತ್ತೆ ಬರುತ್ತದೋ ಇಲ್ಲವೋ, ಪ್ಲಾಸ್ಟರ್ ಬಿಚ್ಚಿದ ಮೇಲೆ ನೋಡಬೇಕಂತೆ. ಮನೆಗೆ ಬಂದ ಮೇಲೆ ಮಗಳು ಗಂಡನ ಜತೆ ಮಾತು ಬಿಟ್ಟಳು. ಅವರು ಸ್ಪ್ಯಾನರ್ ಚೀಲವನ್ನು ಬೀದಿ ಕೊನೆಯ ಮೆಕ್ಯಾನಿಕ್‌ಗೆ ಕೊಟ್ಟು ಬಂದರು. ಅವಳ ತಲೆ ಬಾಚುವುದಕ್ಕೂ ಊಟ ಮಾಡಿಸುವುದಕ್ಕೂ ನಾನೇ ಬೇಕು. ಅವರು ತಟ್ಟೆ ಹಿಡಿದು ಬಂದರೆ ಮುಖ ತಿರುಗಿಸುತ್ತಾಳೆ. ನಿನ್ನೆ ರಾತ್ರಿ ಅವರು ಹಾಲ್‌ನಲ್ಲಿ ಮಲಗಿದ್ದನ್ನು ನೋಡಿದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಇವತ್ತು ಬೆಳಗ್ಗೆ ಧೈರ್ಯ ಮಾಡಿ ಅವಳ ಮಂಚದ ಮೇಲೆ ಕೂತೆ.

"ನೋಡೇ, ಬ್ರೇಕ್ ಜಾರಿದ್ದು ಎಣ್ಣೆಯಿಂದ. ಅದನ್ನ ಹಾಕಿದ್ದು ಅವರಲ್ಲ. ನಾನು. ಅವರಿಗೆ ಗೊತ್ತಿಲ್ಲದ ಹಾಗೆ ನಾನೇ ಹಾಕ್ದೆ."

ಬೈಯಲಿ, ಎಡಗೈಯಲ್ಲಿ ಕೆನ್ನೆಗೆ ಬಾರಿಸಲಿ ಅಂತ ಕಾದೆ. ಅವಳು ನನ್ನನ್ನೇ ದಿಟ್ಟಿಸಿದಳು. ಕಣ್ಣು ತುಂಬಿಕೊಂಡಿತು.

"ಬಿಡಮ್ಮ, ನಲವತ್ತು ವರ್ಷ ಮಷಿನ್ ತುಳಿದವಳು ನೀನು. ಎಣ್ಣೆ ಎಲ್ಲಿ ಹಾಕ್ಬೇಕು, ಎಲ್ಲಿ ಹಾಕ್ಬಾರ್ದು ಅಂತ ನಿಂಗೆ ಗೊತ್ತಿಲ್ವಾ?"

"ಗೊತ್ತಿರ್ಲಿಲ್ಲ ಕಣೇ! ನಿನ್ನಾಣೆ, ನಾನೇ!"

ಅವಳ ಮುಖ ಬಿಗಿಯಾಯಿತು.

"ಹೀಗೆ ಹೇಳು ಅಂತ ಅವರೇ ಹೇಳ್ಕೊಟ್ರಾ?" ಅಂದಳು. "ಥೂ! ತಾವು ಮಾಡಿದ್ದನ್ನ ವಯಸ್ಸಾದ ಹೆಂಗಸಿನ ತಲೆಗೆ ಕಟ್ತಾರಲ್ಲ. ಪೆದ್ದು ಅಂದ್ಕೊಂಡಿದ್ದೆ, ಇಷ್ಟು ಕೀಳು ಅಂತ ಗೊತ್ತಿರ್ಲಿಲ್ಲ."

ನನಗೆ ಸಿಡಿಲು ಬಡಿದಂತಾಯಿತು. ತಿರುಗಿ ನೋಡಿದರೆ ಅಳಿಯ ಬಾಗಿಲಲ್ಲೇ ಇದ್ದಾರೆ, ಕೈಯಲ್ಲಿ ಅವಳ ಮಾತ್ರೆ. ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. ಹಾಗೇ ತಿರುಗಿ ಹೊರಟರು. ನಾನು ಎದ್ದು ಅವರ ಹಿಂದೆಯೇ ಅಡುಗೆಮನೆಗೆ ಓಡಿದೆ.

"ನೀವೂ ಬನ್ನಿ, ಇಬ್ರೂ ಸೇರಿ ಹೇಳೋಣ. ನಾನು ಮತ್ತೆ ಹೇಳ್ತೀನಿ, ನಂಬೋ ತನಕ ಹೇಳ್ತೀನಿ."

ಅವರು ಲೋಟಕ್ಕೆ ನೀರು ಬಗ್ಗಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಬೇಡ ಅತ್ತೆ. ಇನ್ನು ನೀವು ಹೇಳಿದಷ್ಟೂ ಅದು ನನ್ನ ಮೇಲೇ ಬರುತ್ತೆ," ಅಂದರು. ಲೋಟವನ್ನೂ ಮಾತ್ರೆಯನ್ನೂ ನನ್ನ ಕೈಗೆ ಕೊಟ್ಟರು. "ನೀವೇ ಕೊಡಿ. ನಾನು ಕೊಟ್ರೆ ನುಂಗಲ್ಲ."