ನನ್ನ ಕೈಗುಣ

ನಾನು ಮುಟ್ಟಿದರೆ ಮನೆಯ ಕರೆಂಟೇ ಹೋಗುತ್ತದಂತೆ. ಹೊಸ ಕರೆಂಟ್ ಒಲೆ ಬಂದಾಗಿನಿಂದ ನಮ್ಮ ಮನೆಯಲ್ಲಿ ಇದೇ ರಾಗ. ಪಾತ್ರೆ ಇಳಿಸುವಾಗ ಒಲೆಯ ಸ್ಟೀಲ್ ಅಂಚಿಗೆ ಕೈ ತಾಗಿತೋ, ಮೊಣಕೈತನಕ ಜುಮ್ಮೆನ್ನುತ್ತದೆ. ಬೋರ್ಡಿನಲ್ಲಿ ಟ್ರಿಪ್ ಸ್ವಿಚ್ ಟಪ್ಪೆಂದು ಬೀಳುತ್ತದೆ. ಫ್ಯಾನು, ಟೀವಿ ಎಲ್ಲ ಬಂದ್. ಟೀವಿ ಮುಂದೆ ಕೂತ ಅತ್ತೆ ಅಲ್ಲಿಂದಲೇ ಕೂಗುತ್ತಾರೆ: "ಮುಟ್ಟಿದ್ಲು ನೋಡು ಮಹಾರಾಯ್ತಿ! ಅದೇನು ಕೈಗುಣಾನೋ!"

ಗಂಡನಿಗೆ ಇದೆಲ್ಲ ತಮಾಷೆ. ಅದೇ ಒಲೆಯಲ್ಲಿ ಅವನು ಹಾಲು ಕಾಯಿಸಿದರೆ ಏನೂ ಆಗುವುದಿಲ್ಲ. "ಒಲೆಗೂ ನಿನ್ನ ಕಂಡ್ರೆ ಭಯ ಕಣೇ," ಎಂದು ಹಲ್ಲು ಕಿರಿಯುತ್ತಾನೆ. ನನಗೆ ಮೈಯೆಲ್ಲ ಉರಿದುಹೋಗುತ್ತದೆ. ನನ್ನ ಬಾಯಿ ಜೋರು, ಒಪ್ಪಿದೆ. ಬಾಯಿಗೆ ಹೆದರಿ ಸ್ವಿಚ್ ಬೀಳುತ್ತದೆಯೇ?

ಇವತ್ತು ಬೆಳಿಗ್ಗೆ ನೋಡಿದರೆ ಸ್ಟೂಲ್ ಹತ್ತಿ, ಸ್ಕ್ರೂಡ್ರೈವರ್ ಹಿಡಿದು, ಬೋರ್ಡಿನ ಮುಂದೆ ನಿಂತಿದ್ದಾನೆ.

"ಏನ್ ಮಾಡ್ತಿದ್ದೀಯ?"

"ಈ ಟ್ರಿಪ್ ಸ್ವಿಚ್ಚೇ ತಲೆನೋವು. ಕಿತ್ತು ನೇರ ಲೈನ್ ಕೊಟ್ಬಿಡ್ತೀನಿ. ಆಮೇಲೆ ನೀನು ಒಲೆನ ತಬ್ಕೊಂಡ್ರೂ ಕರೆಂಟ್ ಹೋಗಲ್ಲ."

"ಇಳಿ ಕೆಳಗೆ!" ಎಂದು ಕಿರುಚಿದೆ. ವಯರಿನ ವಿಷಯ ನನಗೇನೂ ತಿಳಿಯದು. ಆದರೆ ಆ ಜುಮ್ಮು ತಿಂದ ಕೈ ನನ್ನದು. ಅವನು ಗೊಣಗುತ್ತಾ ಇಳಿದ ಮೇಲೆ ಸ್ಕ್ರೂಡ್ರೈವರ್ ಕಿತ್ತುಕೊಂಡು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ.

ಎಲೆಕ್ಟ್ರಿಷಿಯನ್ ಬಂದವನೇ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಒಲೆಯನ್ನು ಈಚೆಗೆ ಎಳೆದು ಹಿಂದಿನ ಮುಚ್ಚಳ ಬಿಚ್ಚಿದ. ಒಳಗೆ ಹಸಿರು ವಯರನ್ನು ಯಾರೋ ಕತ್ತರಿಸಿ, ತುದಿಗೆ ನೀಟಾಗಿ ಟೇಪ್ ಸುತ್ತಿದ್ದರು.

"ಅಯ್ಯೋ ದೇವ್ರೇ! ಇದು ಅರ್ಥ್ ಕಣಮ್ಮ. ಕಾಯಿಲ್ ಹಾಳಾಗಿ ಕರೆಂಟ್ ತಗಡಿಗೆ ಸೋರ್ತಿದೆ. ಈ ವಯರ್ ಇದ್ದಿದ್ರೆ ನೆಲಕ್ಕೆ ಹೋಗಿ, ಆನ್ ಮಾಡಿದ ತಕ್ಷಣ ಸ್ವಿಚ್ ಬೀಳ್ತಿತ್ತು. ಈಗ ನಿಮ್ಮ ಮೈಯೊಳಗಿಂದ ಹೋಗ್ತಿದೆ. ಆ ಸ್ವಿಚ್ ಬೀಳ್ತಿರೋದಕ್ಕೇ ನೀವಿನ್ನೂ ಬದುಕಿದ್ದೀರ. ಬರಿಗಾಲಲ್ಲಿ ಅಡುಗೆ ಮಾಡ್ತೀರಾ?"

ಹೌದು, ಬರಿಗಾಲಲ್ಲೇ, ಅದೂ ಒದ್ದೆ ನೆಲದ ಮೇಲೆ. ಗಂಡನ ಕಾಲು ನೋಡಿದೆ. ದಪ್ಪನೆಯ ರಬ್ಬರ್ ಚಪ್ಪಲಿ.

"ಕತ್ತರಿಸಿದ್ದು ನೀನಾ?"

"ಆನ್ ಮಾಡಿದಾಗೆಲ್ಲ ಸ್ವಿಚ್ ಬೀಳ್ತಿತ್ತು. ಕತ್ತರಿಸಿದ್ಮೇಲೆ ನಿಂತ್ಹೋಯ್ತು."

"ಶಾಕ್ ಹೊಡೆಯುತ್ತೆ ಅಂತ ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ. "ಒಂದ್ಸಲ ನನಗೂ ಹೊಡೀತು. ಅವತ್ತಿಂದ ಚಪ್ಪಲಿ ಹಾಕ್ಕೊಂಡೇ ಬರ್ತೀನಿ."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಬಯ್ತೀಯ ಅಂತ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಮೆಲ್ಲನೆ ಒಳಗೆ ಸರಿದರು. ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕಿದ್ದಕ್ಕೆ ಇವನ ಜನ್ಮ ಜಾಲಾಡಿದವಳು ನಾನು. ಈಗ ಯಾವ ಬೈಗುಳವೂ ಸಾಲದು ಅನ್ನಿಸಿತು.

"ಬಯ್ಯಲ್ಲ ಬಿಡು," ಎಂದೆ. "ನಮ್ಮೋರು ಅನ್ನೋರ್ನ ತಾನೇ ಬಯ್ಯೋದು."

ಅವನ ಮುಖ ಬಿಳಿಚಿತು. "ಹಾಗನ್ಬೇಡ ಕಣೇ. ಬಯ್ಯಿ. ಏನಾದ್ರೂ ಬಯ್ಯಿ, ಪ್ಲೀಸ್."

ನಾನು ಎಲೆಕ್ಟ್ರಿಷಿಯನ್ ಪಕ್ಕ ಕುಕ್ಕರಗಾಲಲ್ಲಿ ಕೂತೆ. "ಆ ಹಸಿರು ವಯರ್ ಎಲ್ಲಿ ಕೂರಿಸ್ಬೇಕು, ನನಗೆ ತೋರ್ಸಪ್ಪ," ಎಂದೆ.